ವಿಜ್ಞಾನದ ತರಗತಿಗೆ ಅಂತರ್ಜಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾಧ್ಯಮಿಕ ಹಾಗೂ ಪ್ರೌಢಶಾಲೆಗಳ ವಿಜ್ಞಾನ ತರಗತಿಯಲ್ಲಿ ಅಂತರ್ಜಾಲದ ಸಾಮಗ್ರಿಯನ್ನು ಹೇಗೆ ಬಳಸಬೇಕೆಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ, ಹೆಸರುಗಳನ್ನು ಬಿಟ್ಟು, ಆರು ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಒಳ್ಳೆಯ ವಿಡಿಯೊ ಹಾಕಿದರೆ ಮಕ್ಕಳು ರೆಪ್ಪೆ ಬಡಿಯದೆ ನೋಡುತ್ತಾರೆ. ‘ಅರ್ಥವಾಯಿತೇ’ ಎಂದರೆ ಎಲ್ಲರೂ ಒಕ್ಕೊರಲಿನಿಂದ ‘ಆಯಿತು’ ಎನ್ನುತ್ತಾರೆ. ವಾರ ಕಳೆದು ಅದೇ ವಿಷಯವನ್ನು ಕೇಳಿದರೆ ಹಳೆಯ ತಪ್ಪುಗಳೇ ಮರಳಿ ಬರುತ್ತವೆ. ತಪ್ಪು ವಿಡಿಯೊದಲ್ಲಿದೆಯೇ, ನನ್ನಲ್ಲಿದೆಯೇ?

ಉತ್ತರ: ಎರಡರಲ್ಲೂ ಇಲ್ಲ, ವಿಡಿಯೊ ನೋಡುವುದಕ್ಕೆ ಮೊದಲು ಮಕ್ಕಳ ತಲೆಯಲ್ಲಿ ಏನಿತ್ತು ಎಂಬುದು ಹೊರಗೆ ಬರದೇ ಉಳಿದಿರುವುದೇ ಇದಕ್ಕೆ ಕಾರಣ. ವಿಜ್ಞಾನದ ವಿಡಿಯೊಗಳಿಂದ ಇಂದು ಹೆಸರಾಗಿರುವ ಡೆರೆಕ್ ಮುಲ್ಲರ್ ಅವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ನಡೆಸಿ 2008ರಲ್ಲಿ ಮುಗಿಸಿದ ಸಂಶೋಧನೆಯ ವಿಷಯ ಇದೇ ಆಗಿತ್ತು. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ಅದನ್ನು ಸುಲಭವೆಂದು ಮೆಚ್ಚಿಕೊಂಡರೂ ಪರೀಕ್ಷೆಯಲ್ಲಿ ಅವರ ಉತ್ತರಗಳು ಹೆಚ್ಚೇನೂ ಸುಧಾರಿಸಲಿಲ್ಲ. ಸಾಮಾನ್ಯವಾದ ತಪ್ಪು ಗ್ರಹಿಕೆಯನ್ನೇ ಮೊದಲು ಎತ್ತಿ, ಅದು ಯಾಕೆ ಸರಿಯಲ್ಲವೆಂದು ಮಾತುಕತೆಯ ರೂಪದಲ್ಲಿ ತೋರಿಸಿದ ವಿಡಿಯೊ ಗೊಂದಲವೆನಿಸಿದರೂ ಅದನ್ನು ನೋಡಿದವರು ಹೆಚ್ಚು ಕಲಿತರು. ತಮಗೆ ಗೊತ್ತಿದೆ ಎಂದುಕೊಂಡವರು ಪೂರ್ತಿಯಾಗಿ ಗಮನಿಸುವುದಿಲ್ಲ. ಕೇಳಿದ್ದನ್ನೆಲ್ಲ ಹಳೆಯ ನಂಬಿಕೆಗೆ ಹೊಂದಿಸಿಕೊಂಡು ಬಿಡುತ್ತಾರೆ.

ಹಾಗಾಗಿ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಓಡಿಸುವ ರೂಢಿಯನ್ನು ಬಿಟ್ಟುಬಿಡಿ. ಮೇಲಕ್ಕೆ ಎಸೆದ ಚೆಂಡಿನ ದೃಶ್ಯವಿದೆ ಎಂದುಕೊಳ್ಳಿ. ಚೆಂಡು ಅರ್ಧ ಎತ್ತರಕ್ಕೆ ಏರಿದಾಗ ವಿಡಿಯೊ ನಿಲ್ಲಿಸಿ, ಆ ಕ್ಷಣದಲ್ಲಿ ಚೆಂಡಿನ ಮೇಲೆ ಯಾವ ಯಾವ ಬಲಗಳಿವೆಯೋ ಅವನ್ನು ಬಾಣದ ಗುರುತಿನಿಂದ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ತರಗತಿಯ ಬಹುಪಾಲು ಮಕ್ಕಳು ಮೇಲ್ಮುಖವಾದ ಒಂದು ಬಾಣವನ್ನು ಖಂಡಿತ ಹಾಕುತ್ತಾರೆ, ಏಕೆಂದರೆ ಕೈ ಕೊಟ್ಟ ಬಲ ಇನ್ನೂ ಚೆಂಡಿನೊಳಗೆ ಉಳಿದಿದೆ ಎಂಬುದು ಅವರ ಎಣಿಕೆ. ಅಕ್ಕಪಕ್ಕದವರು ಒಬ್ಬರಿಗೊಬ್ಬರು ತಮ್ಮ ಬಾಣಗಳನ್ನು ಸಮರ್ಥಿಸಿಕೊಳ್ಳಲಿ. ಆಮೇಲೆ ವಿಡಿಯೊ ಮುಂದುವರಿದರೆ, ಕೈಬಿಟ್ಟ ಚೆಂಡಿನ ಮೇಲೆ ಗುರುತ್ವದ ಕೆಳಮುಖ ಬಲವೂ ಗಾಳಿಯ ಅಲ್ಪ ತಡೆಯೂ ಹೊರತು ಬೇರೇನೂ ಇಲ್ಲ ಎಂಬ ಮಾತು ಅವರು ತಾವೇ ಬರೆದ ಬಾಣಕ್ಕೆ ನೇರವಾಗಿ ತಾಗುತ್ತದೆ. ನಾಲ್ಕು ನಿಮಿಷದ ವಿಡಿಯೊಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ ನಿಜ, ಆದರೆ ನನ್ನ ಅನುಭವದಲ್ಲಿ ಆ ಇಪ್ಪತ್ತು ನಿಮಿಷ ವ್ಯರ್ಥವಾದದ್ದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಉಪಕರಣಗಳು ಕಡಿಮೆ. ಸಿಮ್ಯುಲೇಶನ್‌ಗಳು ಉಚಿತವಾಗಿ ಸಿಗುವಾಗ ಪ್ರಯೋಗಗಳನ್ನೆಲ್ಲ ಕಂಪ್ಯೂಟರ್‌ನಲ್ಲೇ ಮಾಡಿಸಿದರೆ ಸಾಲದೇ ಎಂದು ಆಡಳಿತ ಮಂಡಳಿಯವರು ಕೇಳುತ್ತಿದ್ದಾರೆ. ಮುಖ್ಯೋಪಾಧ್ಯಾಯಿನಿಯಾಗಿ ನಾನು ಅವರಿಗೆ ಏನು ಹೇಳಲಿ?

ಉತ್ತರ: ‘ಕೆಲವು ಪ್ರಯೋಗಗಳಿಗೆ ಸಾಕು, ಕೆಲವಕ್ಕೆ ಎಂದಿಗೂ ಸಾಲದು’ ಎಂದು ಹೇಳಿ, ಮೇಡಂ. ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಎರಡು ಪ್ರಯೋಗಗಳಿಂದ ವಿವರಿಸುತ್ತೇನೆ.

ಮೊದಲನೆಯದು ಸರಳ ಲೋಲಕ. ಒಂದು ಮೀಟರ್ ದಾರ, ತುದಿಗೊಂದು ಕಲ್ಲು, ಒಂದು ಗಡಿಯಾರ ಇದ್ದರೆ ಮುಗಿಯಿತು. 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯಬೇಕು. ನನ್ನ ತರಗತಿಯಲ್ಲಿ ಒಂದು ಗುಂಪಿಗೆ 39.7, ಇನ್ನೊಂದಕ್ಕೆ 40.4 ಬಂದಾಗ ಒಂದು ಗುಂಪು ಮಾತ್ರ ಮೂರು ಸಲ ಮಾಡಿದರೂ 38ರ ಹತ್ತಿರವೇ ನಿಂತಿತು. ಉಳಿದವರು ದಾರದ ಉದ್ದ ತಪ್ಪಾಗಿದೆ ಎಂದರು. ಅಳೆದು ನೋಡಿದರೆ ಉದ್ದ ಸರಿಯಾಗಿಯೇ ಇತ್ತು. ಕೊನೆಗೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಹುಡುಗಿಯೊಬ್ಬಳು ಕಂಡುಹಿಡಿದಳು: ಎಣಿಸುವವನು ಕಲ್ಲನ್ನು ಬಿಡುವಾಗಲೇ ‘ಒಂದು’ ಎನ್ನುತ್ತಿದ್ದ, ಹಾಗಾಗಿ ಅವನ ಇಪ್ಪತ್ತು ನಿಜವಾಗಿ ಹತ್ತೊಂಬತ್ತೇ ಆಗಿತ್ತು. ‘ಸೊನ್ನೆ’ಯಿಂದ ಎಣಿಸಲು ಶುರುಮಾಡಬೇಕೆಂಬ ಪಾಠವನ್ನು ಯಾವ ಸಿಮ್ಯುಲೇಶನ್ ಕಲಿಸೀತು? ಅಳತೆಯಲ್ಲಿ ದೋಷ ಹೇಗೆ ನುಸುಳುತ್ತದೆ, ಹಲವು ಸಲ ಅಳೆದು ಸರಾಸರಿ ತೆಗೆಯುವುದು ಯಾಕೆ, ಸರಾಸರಿಯಿಂದಲೂ ಹೋಗದ ದೋಷ ಎಂಥದು ಎಂಬುದೆಲ್ಲ ಕೈಯಿಂದಲೇ ಬರಬೇಕು. ಅದಾದ ಮೇಲೆ ತೆರೆಗೆ ಹೋಗೋಣ. ಅದೇ ಒಂದು ಮೀಟರ್ ಲೋಲಕವನ್ನು ಚಂದ್ರನ ಗುರುತ್ವಕ್ಕೆ ಒಯ್ದರೆ 20 ಆಂದೋಲನಗಳಿಗೆ ಸುಮಾರು 99 ಸೆಕೆಂಡು ಹಿಡಿಯುತ್ತದೆ. ಆ ಪ್ರಯೋಗವನ್ನು ನಮ್ಮ ಲ್ಯಾಬಿನಲ್ಲಿ ಮಾಡಲಾಗದು. ಅಲ್ಲಿ ಸಿಮ್ಯುಲೇಶನ್‌ಗೆ ಸಾಟಿಯಿಲ್ಲ.

ಎರಡನೆಯದು ವಿದ್ಯುತ್ ಮಂಡಲ. ಇಲ್ಲಿ ನನ್ನ ಅಭಿಪ್ರಾಯವನ್ನು ನಾನೇ ತಿದ್ದಿಕೊಳ್ಳಬೇಕಾಯಿತು. ಯಾವುದನ್ನಾದರೂ ಕೈಯಲ್ಲಿ ಮಾಡಿದ ಬಳಿಕವೇ ತೆರೆಯ ಮೇಲೆ ನೋಡಬೇಕು ಎಂದು ಬಹಳ ಕಾಲ ನಂಬಿದ್ದೆ. ಭೌತವಿಜ್ಞಾನಕ್ಕೆ 2001ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕಾರ್ಲ್ ವೀಮನ್ ಅವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ ‘ಫೆಟ್’ ಸಿಮ್ಯುಲೇಶನ್‌ಗಳ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಒಂದು ತಂಡ ನಿಜವಾದ ಬಲ್ಬು, ತಂತಿಗಳಿಂದಲೂ ಇನ್ನೊಂದು ತಂಡ ಸಿಮ್ಯುಲೇಶನ್‌ನಿಂದಲೂ ಕಲಿತಾಗ, ಸಿಮ್ಯುಲೇಶನ್ ಬಳಸಿದವರು ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮಾತ್ರವಲ್ಲ, ಆಮೇಲೆ ನಿಜವಾದ ಮಂಡಲವನ್ನು ಜೋಡಿಸುವುದರಲ್ಲೂ ಮುಂದಿದ್ದರು. ಯೋಚಿಸಿದರೆ ಕಾರಣ ಹೊಳೆಯುತ್ತದೆ. ಸರಣಿಯಲ್ಲಿ ಜೋಡಿಸಿದ ಎರಡು ಬಲ್ಬುಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದರೆ ಅನೇಕ ಮಕ್ಕಳು ‘ಮೊದಲನೆಯದು’ ಎನ್ನುತ್ತಾರೆ. ಅದು ಕರೆಂಟನ್ನು ಖರ್ಚು ಮಾಡಿ ಉಳಿದದ್ದನ್ನಷ್ಟೇ ಮುಂದಕ್ಕೆ ಕಳಿಸುತ್ತದೆ ಎಂಬುದು ಅವರ ಭಾವನೆ. ನಿಜವಾದ ಬಲ್ಬುಗಳಿಂದ ಇದನ್ನು ಪರೀಕ್ಷಿಸಲು ಹೊರಟರೆ ಒಂದೇ ಬಗೆಯವೆಂದು ಕಾಣುವ ಎರಡು ಬಲ್ಬುಗಳೂ ತಂತುವಿನ ಸಣ್ಣ ವ್ಯತ್ಯಾಸದಿಂದ ಬೇರೆ ಬೇರೆಯಾಗಿ ಉರಿದು, ತಪ್ಪು ಕಲ್ಪನೆಗೇ ಸಾಕ್ಷಿ ಒದಗಿಸಿಬಿಡಬಹುದು. ತೆರೆಯ ಮೇಲೆ ಎರಡೂ ಸಮನಾಗಿ ಬೆಳಗುತ್ತವೆ, ಆಮ್ಮೀಟರನ್ನು ಬಲ್ಬುಗಳ ಹಿಂದೆ, ನಡುವೆ, ಮುಂದೆ ಎಲ್ಲಿಟ್ಟರೂ ಒಂದೇ ಸಂಖ್ಯೆ ತೋರಿಸುತ್ತದೆ. ಅದು ಮನಸ್ಸಿಗೆ ಬಂದ ಮೇಲೆ ನಿಜವಾದ ಬಲ್ಬುಗಳನ್ನು ಕೊಡಿ. ಆಗ ಬೆಳಕಿನ ವ್ಯತ್ಯಾಸ ಕಂಡರೆ ‘ಇದು ಬಲ್ಬಿನ ವ್ಯತ್ಯಾಸವೇ? ಎರಡನ್ನೂ ಅದಲುಬದಲು ಮಾಡಿ ನೋಡೋಣ’ ಎಂದು ಮಕ್ಕಳೇ ಮುಂದಾಗುತ್ತಾರೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಆ ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನುಗಳು ನೀಲಿ ಗುಂಡುಗಳಾಗಿ ತಂತಿಯೊಳಗೆ ಸಾಲಾಗಿ ಸಾಗುತ್ತವೆ. ಎಲೆಕ್ಟ್ರಾನಿಗೆ ಬಣ್ಣವಿಲ್ಲ, ಟಾರ್ಚಿನಂಥ ಮಂಡಲದ ತಂತಿಯಲ್ಲಿ ಅವುಗಳ ಒಟ್ಟಾರೆ ಸರಿಯುವಿಕೆ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಪಾಠ ಮುಗಿಯುವ ಮುನ್ನ ‘ಈ ಚಿತ್ರದಲ್ಲಿ ಯಾವುದು ನಿಜ, ಯಾವುದು ಅನುಕೂಲಕ್ಕಾಗಿ ಬರೆದದ್ದು’ ಎಂಬ ಪ್ರಶ್ನೆಯನ್ನು ಪ್ರತಿ ಸಿಮ್ಯುಲೇಶನ್ ಕುರಿತೂ ಕೇಳುವುದು ಒಳ್ಳೆಯದು.

ಆದ್ದರಿಂದ ನಿಮ್ಮ ಮಂಡಳಿಗೆ ಇಷ್ಟು ತಿಳಿಸಿ: ಕಣ್ಣಿಗೆ ಕಾಣದ್ದು, ಕೈಗೆ ಎಟುಕದ್ದು, ಅಪಾಯಕಾರಿಯಾದದ್ದು ಅಥವಾ ವರ್ಷಗಟ್ಟಲೆ ನಡೆಯುವಂಥದ್ದು ಇದ್ದರೆ ತೆರೆಯನ್ನು ಬಳಸೋಣ, ದಾರ, ಕಲ್ಲು, ಮಸೂರ, ಥರ್ಮಾಮೀಟರುಗಳಿಗೆ ಮೀಸಲಿಟ್ಟ ಹಣವನ್ನು ಮಾತ್ರ ಕಡಿಮೆ ಮಾಡುವುದು ಬೇಡ.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಗುರುತು ಹಾಕಿಟ್ಟುಕೊಂಡ ಒಳ್ಳೊಳ್ಳೆಯ ಆನಿಮೇಶನ್‌ಗಳು ಈಗ ತೆರೆಯುವುದೇ ಇಲ್ಲ. ಏನು ಮಾಡಲಿ?

ಉತ್ತರ: ಅವು ‘ಫ್ಲ್ಯಾಶ್’ ತಂತ್ರಾಂಶದಲ್ಲಿ ತಯಾರಾದವು ಇರಬೇಕು. ಅಡೋಬಿ ಸಂಸ್ಥೆ ಅದರ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. ಅದೇ ಜಾಲತಾಣದಲ್ಲಿ, ಬ್ರೌಸರ್‌ನಲ್ಲೇ ನೇರವಾಗಿ ತೆರೆಯುವ ‘ಎಚ್‌ಟಿಎಂಎಲ್5’ ರೂಪದ ಹೊಸ ಆವೃತ್ತಿ ಇದೆಯೇ ಎಂದು ಮೊದಲು ಹುಡುಕಿ. ಫೆಟ್‌ನ ಅನೇಕ ಹಳೆಯ ಸಿಮ್ಯುಲೇಶನ್‌ಗಳು ಹೀಗೆ ಮರುಹುಟ್ಟು ಪಡೆದಿವೆ. ಯಾವುದೇ ಸಾಮಗ್ರಿಯನ್ನು ತರಗತಿಗೆ ಒಯ್ಯುವ ಹಿಂದಿನ ದಿನ ಅದೇ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡುವುದನ್ನು ರೂಢಿಸಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಇಂಟರ್ನೆಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳಲಾಗದು. ಇರುವುದೂ ಒಂದೇ ಲ್ಯಾಪ್‌ಟಾಪ್. ನಮ್ಮಂಥವರಿಗೆ ಇವೆಲ್ಲ ಉಪಯೋಗಕ್ಕೆ ಬರುತ್ತವೆಯೇ?

ಉತ್ತರ: ಖಂಡಿತ ಬರುತ್ತವೆ. ತರಗತಿಯ ಹೊತ್ತಿಗೆ ಸಂಪರ್ಕ ಇರಬೇಕಾದ ಅಗತ್ಯ ಬಹಳ ಸಲ ಇರುವುದೇ ಇಲ್ಲ. ಫೆಟ್‌ನ ಎಚ್‌ಟಿಎಂಎಲ್5 ಸಿಮ್ಯುಲೇಶನ್‌ಗಳನ್ನು ಒಂದೊಂದಾಗಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಂಪರ್ಕವಿಲ್ಲದೆಯೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತವೆ. ‘ಸ್ಟೆಲೇರಿಯಂ’ ಎಂಬ ಉಚಿತ ತಾರಾಲಯ ತಂತ್ರಾಂಶವನ್ನು ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಯಾವ ದಿನದ, ಯಾವ ಊರಿನ ರಾತ್ರಿಯ ಆಕಾಶವನ್ನಾದರೂ ಹಗಲಿನಲ್ಲೇ ತೋರಿಸಬಹುದು. ಗೆಲಿಲಿಯೊ 1610ರ ಜನವರಿಯಲ್ಲಿ ಗುರುಗ್ರಹದ ಉಪಗ್ರಹಗಳು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವುದನ್ನು ಕಂಡ ಹಾಗೆಯೇ ನಿಮ್ಮ ಮಕ್ಕಳೂ ಒಂದೊಂದು ದಿನ ಮುಂದೆ ಸರಿಸಿ ಗುರುತು ಹಾಕಿಕೊಳ್ಳಲಿ. ಅಯೋ 1.77 ದಿನಕ್ಕೊಮ್ಮೆ, ಕ್ಯಾಲಿಸ್ಟೊ 16.7 ದಿನಕ್ಕೊಮ್ಮೆ ಸುತ್ತು ಮುಗಿಸುತ್ತವೆ ಎಂಬ ಅಂಕಿಗಳ ಸಮೀಪಕ್ಕೆ ಅವರೇ ಬಂದು ನಿಲ್ಲುತ್ತಾರೆ. ವಿಕಿಪೀಡಿಯದಂಥ ತಾಣಗಳನ್ನು ಇಡಿಯಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಓದಲು ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶವಿದೆ.

ಇನ್ನು ಒಂದೇ ಲ್ಯಾಪ್‌ಟಾಪ್ ಎಂಬುದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಮೌಸ್ ಒಬ್ಬ ವಿದ್ಯಾರ್ಥಿಯ ಕೈಯಲ್ಲಿರಲಿ, ಏನು ಬದಲಿಸಬೇಕೆಂಬುದನ್ನು ಉಳಿದವರು ಮಾತಾಡಿ ತೀರ್ಮಾನಿಸಲಿ. ಎಲ್ಲರೂ ತಮ್ಮ ಊಹೆಯನ್ನು ಬರೆದಿಟ್ಟ ಮೇಲೆಯೇ ಗುಂಡಿ ಒತ್ತಲಿ. ಪ್ರತಿಯೊಬ್ಬರಿಗೂ ಒಂದೊಂದು ಕಂಪ್ಯೂಟರ್ ಸಿಕ್ಕಾಗ ಈ ಚರ್ಚೆಯೇ ಇಲ್ಲವಾಗುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು 7ನೇ ತರಗತಿ. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆಯಾಗುತ್ತದೆ ಎಂದು ಒಂದು ಜಾಲತಾಣದ ಚಿತ್ರ ನೋಡಿ ಹೇಳುತ್ತಾಳೆ. ಅಲ್ಲವೆಂದರೆ ಒಪ್ಪುವುದಿಲ್ಲ. ಯಾವ ತಾಣ ನಂಬಬಹುದು ಎಂದು ಪೋಷಕರಿಗೆ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಮಗಳನ್ನು ಆ ಚಿತ್ರ ದಾರಿ ತಪ್ಪಿಸಿದೆ. ಭೂಕಕ್ಷೆಯನ್ನು ಓರೆಯಿಂದ ನೋಡಿದಂತೆ ಬರೆದಾಗ ಅದು ಮೊಟ್ಟೆಯಾಕಾರವಾಗಿ ಕಾಣುತ್ತದೆ; ನಿಜದಲ್ಲಿ ಅದು ಹೆಚ್ಚುಕಡಿಮೆ ವೃತ್ತವೇ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.71 ಕೋಟಿ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಆರಂಭದಲ್ಲಿ, ಸುಮಾರು 15.21 ಕೋಟಿ ಕಿಲೋಮೀಟರ್. ಜನವರಿಯಲ್ಲಿ ಭೂಮಿಯ ಉತ್ತರಾರ್ಧದಲ್ಲಿ ಚಳಿಗಾಲ, ದಕ್ಷಿಣಾರ್ಧದಲ್ಲಿ ಬೇಸಿಗೆ. ಹತ್ತಿರ ಬರುವುದೇ ಬೇಸಿಗೆಗೆ ಕಾರಣವಾಗಿದ್ದರೆ ಎರಡೂ ಕಡೆ ಒಟ್ಟಿಗೆ ಬೇಸಿಗೆಯಾಗಬೇಕಿತ್ತಲ್ಲವೇ ಎಂದು ಅವಳನ್ನೇ ಕೇಳಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿಯ ಓರೆ.

ತಾಣದ ವಿಶ್ವಾಸಾರ್ಹತೆಯ ಬಗ್ಗೆ ಹೇಳುವುದಾದರೆ, ಬರೆದವರು ಯಾರು, ಯಾವಾಗ ತಿದ್ದಿದ್ದಾರೆ, ಬೇರೆ ಎರಡು ಕಡೆ ಅದೇ ಅಂಕಿ ಇದೆಯೇ ಎಂದು ನೋಡಬೇಕು. ಆದರೆ ಒಳ್ಳೆಯ ಸಂಸ್ಥೆಗಳ ಚಿತ್ರಗಳೂ ಅಳತೆಯಲ್ಲಿ ಸರಿಯಿರುವುದಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸುವುದು ಇನ್ನೂ ಮುಖ್ಯ. ಸೂರ್ಯನನ್ನು ಒಂದು ಮೀಟರ್ ಅಗಲದ ಗೋಳವೆಂದು ಇಟ್ಟುಕೊಂಡರೆ ಭೂಮಿ ಒಂಬತ್ತು ಮಿಲಿಮೀಟರಿನ ಮಣಿ, ಅದೂ 107 ಮೀಟರ್ ಆಚೆ. ಬಯಲಿನಲ್ಲಿ ಒಬ್ಬರು ಸೂರ್ಯನಾಗಿ ನಿಂತು, ಮಗಳು ಮಣಿ ಹಿಡಿದು ಅಷ್ಟು ದೂರ ನಡೆದು ಹೋಗಿ ತಿರುಗಿ ನೋಡಲಿ. ಯಾವ ಪರದೆಯೂ ಆ ಅಂತರವನ್ನು ಹಿಡಿಸಲಾರದು ಎಂಬುದು ಅವಳಿಗೆ ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ವಿಡಿಯೊ, ಸಿಮ್ಯುಲೇಶನ್ ಬಿಟ್ಟು ವಿಜ್ಞಾನಿಗಳ ನಿಜವಾದ ದತ್ತಾಂಶವನ್ನೇ 9ನೇ ತರಗತಿಗೆ ಕೊಡಬಹುದೇ? ಮಕ್ಕಳಿಗೆ ಕಷ್ಟವಾಗುವುದಿಲ್ಲವೇ?

ಉತ್ತರ: ಕೊಡಬಹುದು, ಕೊಡಲೇಬೇಕು. ಕಷ್ಟವಾಗುತ್ತದೆ, ಆದರೆ ಆ ಕಷ್ಟದಲ್ಲಿಯೇ ಕಲಿಕೆಯಿದೆ. ನಾನು ಮೊದಲು ಎತ್ತಿಕೊಳ್ಳುವುದು ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅವರು 1958ರಲ್ಲಿ ಆರಂಭಿಸಿದ ಕಾರ್ಬನ್ ಡೈಆಕ್ಸೈಡ್ ಅಳತೆಗಳನ್ನು. ತಿಂಗಳು ತಿಂಗಳಿನ ಅಂಕಿಗಳು ಉಚಿತವಾಗಿ ಸಿಗುತ್ತವೆ. 1959ರಲ್ಲಿ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 316 ಇದ್ದದ್ದು 2024ರಲ್ಲಿ 424ನ್ನು ದಾಟಿದೆ. ಗ್ರಾಫ್ ಹಾಳೆಯ ಮೇಲೆ ಮೂರು ನಾಲ್ಕು ವರ್ಷದ ಅಂಕಿಗಳನ್ನು ಕೈಯಿಂದಲೇ ಗುರುತಿಸಿದರೆ, ಏರುವ ಗೆರೆಯ ಮೇಲೆ ಗರಗಸದಂಥ ಹಲ್ಲುಗಳು ಮೂಡುತ್ತವೆ: ಪ್ರತಿ ವರ್ಷ ಮೇ ತಿಂಗಳಲ್ಲಿ ತುದಿ, ಸೆಪ್ಟೆಂಬರ್ ಸುಮಾರಿಗೆ ತಗ್ಗು. ಯಾಕೆ ಎಂದು ನಾನು ಹೇಳುವುದಿಲ್ಲ. ದಕ್ಷಿಣ ಧ್ರುವದ ಗ್ರಾಫನ್ನು ಪಕ್ಕಕ್ಕಿಟ್ಟು, ಅಲ್ಲಿ ಹಲ್ಲುಗಳು ಬಹಳ ಚಿಕ್ಕವಾಗಿರುವುದನ್ನು ತೋರಿಸುತ್ತೇನೆ, ಗೋಡೆಯ ಮೇಲೆ ವಿಶ್ವದ ಭೂಪಟ ತೂಗುಹಾಕುತ್ತೇನೆ. ನೆಲವೂ ಕಾಡೂ ಹೆಚ್ಚಿರುವುದು ಉತ್ತರಾರ್ಧದಲ್ಲಿ, ಅಲ್ಲಿ ಚಿಗುರಿ ಬೆಳೆಯುವ ಗಿಡಮರಗಳು ಗಾಳಿಯಿಂದ ಅನಿಲವನ್ನು ಎಳೆದುಕೊಳ್ಳುತ್ತವೆ ಎಂಬ ಜಾಗಕ್ಕೆ ತರಗತಿ ಒಂದಲ್ಲ ಒಂದು ದಾರಿಯಿಂದ ಬಂದು ಮುಟ್ಟುತ್ತದೆ. ದ್ಯುತಿಸಂಶ್ಲೇಷಣೆ ಎಂಬ ಪಠ್ಯಪುಸ್ತಕದ ಪದ ಇಡೀ ಭೂಮಿಯ ಉಸಿರಾಟವಾಗಿ ಅವರ ಕಣ್ಣಮುಂದೆ ಬರುವ ಆ ಪೀರಿಯಡ್‌ಗಾಗಿ ನಾನು ಪ್ರತಿ ವರ್ಷ ಕಾಯುತ್ತೇನೆ.

ದತ್ತಾಂಶವನ್ನು ಮೊದಲೇ ತೊಳೆದು ಒಪ್ಪವಾಗಿ ಕೊಡಬೇಡಿ. ಕೀಲಿಂಗ್ ಅವರ ಅಳತೆಗಳನ್ನು ಪ್ರಕಟಿಸುವ ಸ್ಕ್ರಿಪ್ಸ್ ಸಂಸ್ಥೆಯ ಪಟ್ಟಿಯಲ್ಲಿ 1964ರ ಆರಂಭದ ಕೆಲವು ತಿಂಗಳುಗಳ ಎದುರು −99.99 ಎಂದಿರುತ್ತದೆ. ಹಣದ ಕೊರತೆಯಿಂದ ಆಗ ಅಳತೆ ನಿಂತಿತ್ತು. ಅಳತೆ ಇಲ್ಲವೆಂಬುದಕ್ಕೆ ಆ ಸಂಖ್ಯೆ ಒಂದು ಗುರುತಷ್ಟೇ. ಇದನ್ನು ಗಮನಿಸದ ಹುಡುಗನೊಬ್ಬ ಅಂಕಿಗಳನ್ನು ಹಾಗೆಯೇ ಕಂಪ್ಯೂಟರಿಗೆ ಕೊಟ್ಟಾಗ, 320ರ ಸಮೀಪ ಹೋಗುತ್ತಿದ್ದ ಗೆರೆ ಹಠಾತ್ತನೆ ಸೊನ್ನೆಯನ್ನೂ ದಾಟಿ ಕೆಳಗೆ ಬಿದ್ದಿತು. ‘ಸರ್, ಗಾಳಿಯಲ್ಲಿ ಸೊನ್ನೆಗಿಂತ ಕಡಿಮೆ ಅನಿಲ ಹೇಗಿರುತ್ತದೆ?’ ಎಂದು ಅವನು ಎದ್ದು ನಿಂತು ಕೇಳಿದ. ಅಂದಿನ ಉಳಿದ ಪಾಠವನ್ನು ಬದಿಗಿಟ್ಟು, ಅಳತೆ ಸಿಗದ ತಿಂಗಳನ್ನು ಗ್ರಾಫಿನಲ್ಲಿ ಖಾಲಿ ಬಿಡಬೇಕೇ, ಅಕ್ಕಪಕ್ಕದ ಅಂಕಿಗಳಿಂದ ಊಹಿಸಿ ತುಂಬಬಹುದೇ ಎಂದು ಇಡೀ ತರಗತಿ ಗಂಟೆ ಹೊಡೆಯುವವರೆಗೂ ಚರ್ಚಿಸಿತು.