ರಾಡ್ ಹಾಕಿದ ಕಾಲಲ್ಲಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಕೀವು. ರಿಪೋರ್ಟಿನಲ್ಲಿ ಔಷಧಿ ಕೆಲಸ ಮಾಡುತ್ತೆ ಅಂತಿದೆ, ಆದರೂ ಯಾಕೆ ವಾಸಿಯಾಗುತ್ತಿಲ್ಲ? ಆಪರೇಷನ್ ತಪ್ಪಿಸೋಕೆ ಇನ್ನೂ ಸ್ಟ್ರಾಂಗ್ ಆಂಟಿಬಯಾಟಿಕ್ ಯಾವುದಿದೆ?

ನನಗೂ ಹೀಗೇ ಆಗಿತ್ತು. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿಯಿತು, ರಾಡ್ ಹಾಕಿದರು. ಗಾಯ ಮಾಯಿತು. ಕೆಲವು ತಿಂಗಳ ಮೇಲೆ ಹೊಲಿಗೆ ಹಾಕಿದ್ದ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು ಕೀವು ಬಂತು. ಮಾತ್ರೆ ಕೊಟ್ಟರು, ಒಣಗಿತು. ಮಾತ್ರೆ ಮುಗಿದ ಮೇಲೆ ಮತ್ತೆ ಸೋರಿತು. ಬೇರೆ ಮಾತ್ರೆ, ಆಮೇಲೆ ಇಂಜೆಕ್ಷನ್. ಒಂದು ವರ್ಷ ಹೀಗೇ ಹೋಯಿತು.

ಎಡವಟ್ಟಾಗಿದ್ದು ಕೀವನ್ನು ಪರೀಕ್ಷೆಗೆ ತೆಗೆದ ರೀತಿಯಲ್ಲಿ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನನ್ನ ಮೂಳೆ ಹೋಗಿದ್ದು ಇದರಿಂದಲೇ. ಆ ಆಸ್ಪತ್ರೆಯಲ್ಲಿ ಚರ್ಮದ ಮೇಲಿನ ತೂತಿಗೆ ಹತ್ತಿ ಕಡ್ಡಿ ಒರೆಸಿ ಲ್ಯಾಬಿಗೆ ಕಳಿಸುತ್ತಿದ್ದರು. ತೂತಿನ ಬಾಯಲ್ಲಿ ಚರ್ಮದ ಬ್ಯಾಕ್ಟೀರಿಯಾಗಳೂ ಸೇರಿಕೊಂಡಿರುತ್ತವೆ. ಮೂಳೆಯ ಒಳಗೆ ಕೂತಿರುವುದು ಬೇರೆಯೇ ಇರಬಹುದು. ನನಗೆ ಹಾಗೇ ಆಗಿತ್ತು. ಮೇಲೆ ಸಿಕ್ಕಿದ್ದಕ್ಕೆ ಔಷಧಿ ನಡೆಯುತ್ತಿತ್ತು, ಒಳಗೆ ಸ್ಟ್ಯಾಫಿಲೋಕಾಕಸ್ ಆರಿಯಸ್ (ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾ ಆರಾಮಾಗಿತ್ತು. ಸಾಲದ್ದಕ್ಕೆ, ಸ್ಯಾಂಪಲ್ ತೆಗೆಯುವಾಗೆಲ್ಲ ಆಂಟಿಬಯಾಟಿಕ್ ನಡೆಯುತ್ತಲೇ ಇತ್ತು. ಆಗ ಬ್ಯಾಕ್ಟೀರಿಯಾ ಸಾಯದಿದ್ದರೂ ಲ್ಯಾಬಿನಲ್ಲಿ ಬೆಳೆಯದೇ ಇರಬಹುದು. ಒಂದು ಸಲ ರಿಪೋರ್ಟಿನಲ್ಲಿ ಏನೂ ಬೆಳೆದಿಲ್ಲ ಎಂದು ಬಂದಾಗ, ವಾಸಿಯಾಯಿತು ಅಂದುಕೊಂಡು ಮನೆಯವರೆಲ್ಲ ಖುಷಿಪಟ್ಟಿದ್ದರು.

ರಿಪೋರ್ಟಿನಲ್ಲಿ ಔಷಧಿ ಕೆಲಸ ಮಾಡುತ್ತೆ ಎಂದಿದ್ದರೂ ಯಾಕೆ ವಾಸಿಯಾಗುತ್ತಿಲ್ಲ ಎಂದು ಕೇಳಿದ್ದೀರಿ. ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾದ ಮೇಲೆ. ಲೋಹಕ್ಕೆ ಅಂಟಿಕೊಂಡವು ಬೇರೆ ಥರ ಬದುಕುತ್ತವೆ. ತಮ್ಮ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ, ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಕಟ್ಟುವ ಹಾಗೆ. ಇದೇ ಬಯೋಫಿಲ್ಮ್. ಇದರ ಒಳಪದರದಲ್ಲಿರುವವು ಹೆಚ್ಚುಕಮ್ಮಿ ನಿದ್ದೆಯಲ್ಲಿರುತ್ತವೆ. ಬಹಳಷ್ಟು ಆಂಟಿಬಯಾಟಿಕ್‌ಗಳು ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಹಾಗಾಗಿ ಅದೇ ಔಷಧಿ ಇಲ್ಲಿ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಜಾಸ್ತಿ ಬೇಕಾಗುತ್ತದೆ. ಅಷ್ಟನ್ನು ಮನುಷ್ಯನ ಮೈಗೆ ಕೊಡಲು ಆಗುವುದಿಲ್ಲ. ಸತ್ತ ಮೂಳೆಗಂತೂ ರಕ್ತವೇ ಹರಿಯುವುದಿಲ್ಲ, ಔಷಧಿ ಹೋಗುವುದು ಹೇಗೆ?

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಇನ್ನೂ ಸ್ಟ್ರಾಂಗ್ ಔಷಧಿ ಹುಡುಕಬೇಡಿ. ಇಷ್ಟು ತಿಂಗಳಿಂದ ಸೋರುತ್ತಿರುವಾಗ ರಾಡ್ ತೆಗೆದು, ಸತ್ತ ಮೂಳೆ ಕೆರೆದು ತೆಗೆಯದೆ ಬರೀ ಮಾತ್ರೆಯಿಂದ ವಾಸಿಯಾಗುತ್ತೆ ಅಂತ ನನಗೆ ನಂಬಿಕೆಯಿಲ್ಲ. ಇನ್ಫೆಕ್ಷನ್ ಶುರುವಾದ ಮೊದಲ ಕೆಲವು ವಾರಗಳಲ್ಲೇ ಗೊತ್ತಾದರೆ, ಒಳಗೆ ತೊಳೆದು ಲೋಹವನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ನೀವು ಆ ಹಂತ ದಾಟಿದ್ದೀರಿ, ಅಲ್ವಾ?

ಎರಡನೇ ಆಸ್ಪತ್ರೆಯಲ್ಲಿ ಮಾಡಿದ್ದು ಹೀಗೆ. ಜ್ವರ ಇರಲಿಲ್ಲವಾದ್ದರಿಂದ ಆಪರೇಷನ್‌ಗೆ ಎರಡು ವಾರ ಮೊದಲು ಡಾಕ್ಟರೇ ಆಂಟಿಬಯಾಟಿಕ್ ನಿಲ್ಲಿಸಿದರು. ಮೂಳೆಯ ಪಕ್ಕ ಬೇರೆ ಬೇರೆ ಜಾಗದಿಂದ ಐದು ಸ್ಯಾಂಪಲ್ ತೆಗೆದರು. ರಾಡನ್ನೂ ಲ್ಯಾಬಿಗೆ ಕಳಿಸಿ, ಅಲ್ಟ್ರಾಸೌಂಡಿನಿಂದ ಅಲುಗಾಡಿಸಿ ಅಂಟಿದ್ದ ಬ್ಯಾಕ್ಟೀರಿಯಾ ಬಿಡಿಸಿದರು. ನಿಜವಾದ ಹೆಸರು ಸಿಕ್ಕಿದ್ದು ಆಗಲೇ. ಅಷ್ಟರಲ್ಲಿ ಒಂದು ತುಂಡು ಮೂಳೆ ಸತ್ತಿತ್ತು. ಆ ಜಾಗ ತುಂಬಲು ಇಲಿಜರೋವ್ ರಿಂಗ್ ಹಾಕಿದರು, ಅಂದರೆ ಕಾಲಿನ ಸುತ್ತ ಹೊರಗಿದ್ದು, ತಂತಿಗಳಿಂದ ಮೂಳೆಯನ್ನು ಹಿಡಿದು ಮೆಲ್ಲಗೆ ಸರಿಸುವ ಬಳೆಗಳು. ಸೈಬೀರಿಯಾದ ಕುರ್ಗಾನ್‌ನಲ್ಲಿ ಡಾಕ್ಟರ್ ಇಲಿಜರೋವ್ 1950ರ ದಶಕದಲ್ಲಿ ಬೆಳೆಸಿದ ವಿಧಾನ ಅದು. ಅದರ ತಿರುಪನ್ನು ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಕಾಲು ಮಿಲಿಮೀಟರ್‌ನಷ್ಟು ತಿರುಗಿಸಬೇಕು. ನೋವಿತ್ತು, ನಿದ್ದೆ ಇರಲಿಲ್ಲ, ಆದರೆ ಮೂಳೆ ಬೆಳೆಯಿತು.

ರಿಫಾಂಪಿಸಿನ್ ಎಂಬ ಮಾತ್ರೆಯ ಹೆಸರು ನೀವು ಕೇಳಿರಬಹುದು. ಸ್ಟ್ಯಾಫ್‌ನ ಬಯೋಫಿಲ್ಮ್ ವಿರುದ್ಧ ಅದು ಕೆಲಸ ಮಾಡುತ್ತದೆ, ನಿಜ. ಆದರೆ ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾ ಬೇಗನೆ ಅದಕ್ಕೆ ಒಗ್ಗಿಬಿಡುತ್ತದೆ. ಜೊತೆಗೆ ಇನ್ನೊಂದು ಔಷಧಿ ಇರಲೇಬೇಕು. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಡ್ರಿಪ್‌ಗಾಗಿ ಸಾಲ ಮಾಡುವ ಮೊದಲೂ ಒಂದು ಮಾತು ಕೇಳಿ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಒವೀವಾ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸರಿಯಾಗಿ ಆರಿಸಿದ ಮಾತ್ರೆ ಮೊದಲ ಆರು ವಾರ ಡ್ರಿಪ್‌ಗಿಂತ ಕಡಿಮೆಯಲ್ಲ ಎಂದು ಅದರಲ್ಲಿ ಗೊತ್ತಾಯಿತು.

ಈಗ ನುಂಗುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಡಾಕ್ಟರೇ ಹೇಳಬೇಕು. ಚಳಿ ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಮೂಳೆ ಇನ್ಫೆಕ್ಷನ್ ನೋಡಿ ಅನುಭವ ಇರುವ ಸರ್ಜನ್ ಹತ್ತಿರ ಹೋಗಿ, ಒಳಗಿನಿಂದ ಸ್ಯಾಂಪಲ್ ಯಾವಾಗ ತೆಗೆಯುತ್ತೀರಿ ಎಂದು ಮೊದಲು ಕೇಳಿ.