ನಾಟಕ ಶಂಕರ್‌ನಾಗ್‌ಗೆ ಬರೀ ಮೆಟ್ಟಿಲಾಗಿತ್ತೇ?

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ‘ಶಂಕರ್‌ನಾಗ್ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಅರ್ಧದಷ್ಟು ನಾಟಕದ್ದೇ ಮಾತು. ಜನ ಅವರನ್ನು ನೆನೆಯುವುದು ಸಿನಿಮಾ ಮತ್ತು ಮಾಲ್ಗುಡಿ ಡೇಸ್‌ನಿಂದ ಅಲ್ವಾ? ನಾಟಕ ಅವರಿಗೆ ಮೊದಲ ಮೆಟ್ಟಿಲು, ಅಷ್ಟೆ. ನನ್ನ ಮಗಳಿಗೆ ಧಾರಾವಾಹಿ ನಿರ್ದೇಶಕಿ ಆಗುವ ಆಸೆ. ಅವಳು ನಾಟಕದಲ್ಲಿ ವರ್ಷಗಟ್ಟಲೆ ಕಳೆಯಬೇಕೇ?’

ಮಾನ್ಯರೇ,

ಮೆಟ್ಟಿಲು ಅನ್ನುವ ಮಾತನ್ನು ನಾನು ಒಪ್ಪಲಾರೆ. ಮೆಟ್ಟಿಲಾಗಿದ್ದರೆ ಹತ್ತಿದ ಮೇಲೆ ಬಿಟ್ಟುಬಿಡಬೇಕಿತ್ತು. ಶಂಕರ್ ಬಿಡಲಿಲ್ಲ.

1954ರಲ್ಲಿ ಹುಟ್ಟಿದ ಹೊನ್ನಾವರದ ಕಡೆಯ ಹುಡುಗ ಮುಂಬೈಗೆ ಹೋದರು. ಅಲ್ಲಿನ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಮುಂದೆ ಪತ್ನಿಯಾದ ಅರುಂಧತಿಯವರ ಪರಿಚಯ ಆಗಿದ್ದೂ ಅಲ್ಲಿನ ನಾಟಕದ ಒಡನಾಟದಲ್ಲೇ. 1978ರ ‘ಒಂದಾನೊಂದು ಕಾಲದಲ್ಲಿ’ ಅವರನ್ನು ಕನ್ನಡ ಸಿನಿಮಾಕ್ಕೆ ಕರೆತಂದಿತು. ಮೊದಲ ಚಿತ್ರಕ್ಕೇ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಮೇಲಿನದು ನಿಮಗೆ ಗೊತ್ತೇ ಇದೆ: ಹನ್ನೆರಡು ವರ್ಷಗಳಲ್ಲಿ ಸುಮಾರು 80 ಚಿತ್ರ, ಆಟೋಗಳ ಹಿಂದೆಲ್ಲ ಅವರದೇ ಮುಖ.

ಅಷ್ಟು ಕೆಲಸದ ನಡುವೆಯೂ ‘ಸಂಕೇತ್’ ತಂಡ ಕಟ್ಟಿ ನಾಟಕ ಮಾಡಿಸುತ್ತಲೇ ಇದ್ದರು. ಕಾರ್ನಾಡರ ‘ಅಂಜುಮಲ್ಲಿಗೆ’, ಮರಾಠಿಯಿಂದ ಬಂದ ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’, ಕೊನೆಕೊನೆಗೆ ‘ನಾಗಮಂಡಲ’. ದಿನಕ್ಕೆ ಎರಡು ಮೂರು ಕಡೆ ಶೂಟಿಂಗ್ ಮಾಡುವ ಹೀರೋಗೆ ನಾಟಕದಿಂದ ದುಡ್ಡೇನೂ ಬರುವುದಿಲ್ಲ. ಸುಮ್ನೆ ಹವ್ಯಾಸಕ್ಕೆ ಮಾಡಿದ್ದು ಅಂತಲೂ ನನಗೆ ಅನ್ನಿಸುವುದಿಲ್ಲ. ಅವರ ಕೆಲಸದ ಬೇರು ಇದ್ದದ್ದೇ ಅಲ್ಲಿ.

ಆರ್.ಕೆ. ನಾರಾಯಣ್ ಕತೆಗಳನ್ನು ಆಧರಿಸಿ ಶಂಕರ್ ನಿರ್ದೇಶಿಸಿದ ಟಿವಿ ಧಾರಾವಾಹಿ ಮಾಲ್ಗುಡಿ ಡೇಸ್ ನೋಡಿದರೆ ಇದು ಗೊತ್ತಾಗುತ್ತದೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲೇ ಅದರ ಬಹುಪಾಲು ಚಿತ್ರೀಕರಣ ಆಗಿದ್ದು. ಶಂಕರ್ ಒಟ್ಟು 39 ಕಂತು ಮಾಡಿದರು. ಅದರಲ್ಲಿ ನಟಿಸಿದ ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತನಾಗ್, ಅರುಂಧತಿ ನಾಗ್ ಎಲ್ಲರೂ ನಾಟಕದಿಂದ ಬಂದವರೇ. ಎದುರಿನವರು ಮಾತಾಡುವಾಗ ಸುಮ್ಮನೆ ಕೇಳಿಸಿಕೊಂಡು ನಿಲ್ಲಲು ಬರುವ ನಟರು ಇವರು. ಇದು ಜಾಸ್ತಿ ಜನಕ್ಕೆ ಬರುವುದಿಲ್ಲ.

ಸ್ವಾಮಿ ಅನ್ನುವ ಹುಡುಗ ಒಬ್ಬನೇ ಮಲಗಬೇಕಾಗುವ ಆ ಕಂತನ್ನು ಇನ್ನೊಮ್ಮೆ ನೋಡಿ. ಹುಲಿಯ ಜೊತೆ ಸೆಣಸಿದ ಹುಡುಗನ ಸುದ್ದಿ ಪೇಪರಿನಲ್ಲಿ ಬಂದಿದೆ. ಧೈರ್ಯ ಇದ್ದರೆ ಏನು ಬೇಕಾದರೂ ಸಾಧ್ಯ ಅನ್ನುವುದು ಅಪ್ಪನ ವಾದ. ಹಾಗಾದರೆ ಇವತ್ತು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತ ಮಗನಿಗೆ ಸವಾಲು. ಅಜ್ಜಿಯ ಪಕ್ಕ ಬಿಟ್ಟು ಬೇರೆಲ್ಲೂ ಮಲಗದ ಹುಡುಗ ಅವನು. ಕತೆ ಇರುವುದು ಇಷ್ಟೇ: ಒಂದು ಮನೆ, ಮೂರು ನಾಲ್ಕು ಜನ, ಕತ್ತಲು. ಅಪ್ಪನಾದ ಕಾರ್ನಾಡರು ದನಿ ಏರಿಸಬೇಕಾಗಿಲ್ಲ. ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಮುಖ ನೋಡಿದರೆ ಸಾಕು, ಆ ಮನೆಯಲ್ಲಿ ಅಪ್ಪನ ಮಾತಿಗೆ ಎಷ್ಟು ತೂಕ ಅಂತ ತಿಳಿಯುತ್ತದೆ. ಯಾರು ಎಲ್ಲಿ ಕೂರಬೇಕು, ಯಾರು ಯಾವಾಗ ಸುಮ್ಮನಾಗಬೇಕು ಅನ್ನುವ ಲೆಕ್ಕ ರಂಗದ ಮೇಲೆ ಕಲಿತದ್ದು. ಅದು ಜನಪ್ರಿಯತೆಯಿಂದ ಬರುವುದಿಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾದಾಗ ಅವರಿಗೆ ಇನ್ನೂ 35. ಹೊರಟಿದ್ದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ. ಅದೂ ಕಂಬಾರರ ನಾಟಕವೇ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಅರುಂಧತಿಯವರ ಮುಂದಾಳತ್ವದಲ್ಲಿ ಬಾಗಿಲು ತೆರೆದ, ಶಂಕರ್ ನೆನಪಿನ ರಂಗಮಂದಿರ ‘ರಂಗಶಂಕರ’ ಇವತ್ತಿಗೂ ನಾಟಕದಿಂದ ತುಂಬಿರುತ್ತದೆ.

ಇನ್ನು ನಿಮ್ಮ ಮಗಳ ವಿಷಯ. ಧಾರಾವಾಹಿಯಲ್ಲಿ ಹೆಸರು ಮಾಡಿದ ಟಿ.ಎನ್. ಸೀತಾರಾಂ ಕೂಡ ನಾಟಕ ಬರೆದು ಬಂದವರು. ‘ಮೂಡಲಮನೆ’ ನಿರ್ದೇಶಿಸಿದ ವೈಶಾಲಿಯವರ ದಾರಿಯೂ ಅದೇ. ಕ್ಯಾಮೆರಾ, ಎಡಿಟಿಂಗ್ ಯಾವಾಗ ಬೇಕಾದರೂ ಕಲಿಯಬಹುದು. ನಟನೊಬ್ಬನಿಗೆ ಭಯಪಡಿಸದೆ ತಪ್ಪು ತೋರಿಸುವುದು, ಒಂದೇ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸಿಯೂ ಬೇಸರ ಬಾರದಂತೆ ನೋಡಿಕೊಳ್ಳುವುದು ತಾಲೀಮಿನಲ್ಲೇ ಕಲಿಯಬೇಕಾದದ್ದು. ಧಾರಾವಾಹಿ ಸೆಟ್ಟಿನಲ್ಲಿ ಅದಕ್ಕೆ ಪುರುಸೊತ್ತು ಇರುವುದಿಲ್ಲ. ದಿನದ ಕಂತು ಮುಗಿಸುವುದರಲ್ಲೇ ಹೊತ್ತು ಹೋಗುತ್ತದೆ.

ವರ್ಷಗಟ್ಟಲೆ ಬೇಡ. ಹೆಗ್ಗೋಡಿನ ನೀನಾಸಂ ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿ ರಂಗಶಿಕ್ಷಣ ಕೊಡುತ್ತಾರೆ. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ ಬನ್ನಿ. ಸೇರುವುದು ಬಿಡುವುದು ಅವಳೇ ತೀರ್ಮಾನಿಸಲಿ.

– ಸಂಪಾದಕ