ಪಿಇ ಇರಲಿ, ಮೊದಲು ಉದ್ರಿ ನೋಡಿ

ಮನೆ ರಿಪೇರಿ ಸಾಮಾನಿನ ಕಂಪನಿ, ಷೇರು 40% ಇಳಿದಿದೆ, ಪಿಇ (ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ) 18ಕ್ಕೆ ಬಂದಿದೆ, ಬೇಡಿಕೆಯಂತೂ ಯಾವತ್ತೂ ಇರುತ್ತದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಇದೇ ಮಾತು ಹೇಳಿಕೊಂಡು ನಾನು 1,80,000 ರೂಪಾಯಿ ಹಾಕಿದ್ದೆ. ವಾಪಸ್ ಬಂದದ್ದು 62,000.

ಹುಬ್ಬಳ್ಳಿಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಅಂಟು, ಬಣ್ಣ, ಸೋರುವ ಮಾಳಿಗೆಗೆ ಬಳಿಯುವ ವಾಟರ್‌ಪ್ರೂಫಿಂಗ್ ಎಲ್ಲಾ ಇಡುತ್ತೇನೆ. ಈ ಮಾಲಿನ ಬಗ್ಗೆ ನನಗಿಂತ ಜಾಸ್ತಿ ಯಾರಿಗೆ ಗೊತ್ತು ಅನ್ನೋ ಧಿಮಾಕು ಬೇರೆ. ಒಂದು ಸಣ್ಣ ಕಂಪನಿಯ (ಹೆಸರು ಬೇಡ) ಮಾರ್ಚ್ ರಿಸಲ್ಟ್ ಬಂತು, ಲಾಭ ಜೋರಾಗಿತ್ತು, ಷೇರು ತಗೊಂಡೆ.

ನಿಜ ಏನು ಅಂತ ನನ್ನ ಗೋದಾಮಿನಲ್ಲೇ ಬಿದ್ದಿತ್ತು. ಮಾರ್ಚ್ ಕೊನೆಯ ವಾರ ಅದೇ ಕಂಪನಿಯ ಸೇಲ್ಸ್ ಹುಡುಗ ಬಂದು, "ಸಾವಕಾರ್ರ, 20 ಬಾಕ್ಸ್ ಇಳಸ್ತೇನ್ರಿ, ರೊಕ್ಕ ಜೂನ್‌ದಾಗ ಕೊಡ್ರಿ" ಅಂದಿದ್ದ. ಮಳೆಗಾಲಕ್ಕೆ ಮುಂಚೆ ಓಡುವ ಮಾಲು ಅಲ್ವಾ, ಹೂಂ ಅಂದೆ. ಮಾಲು ಇಳಿದು ಬಿಲ್ ಆದರೆ, ಸಾಮಾನ್ಯವಾಗಿ ಕಂಪನಿಯ ಲೆಕ್ಕದಲ್ಲಿ ಅದು ಮಾರಾಟ. ಗಿರಾಕಿ ಒಂದು ಡಬ್ಬಿ ಮುಟ್ಟಿರಲಿಲ್ಲ. ನಾನು ಒಂದು ಪೈಸೆ ಕೊಟ್ಟಿರಲಿಲ್ಲ. ನೋಡಿ ಖುಷಿಪಟ್ಟ ಆ ಲಾಭದಲ್ಲಿ ನಾನೇ ಕೊಡದ ದುಡ್ಡೂ ಸೇರಿತ್ತು! ನನ್ನಂಥ ಅಂಗಡಿಗಳು ಊರೂರಿಗೆ ಎಷ್ಟಿದ್ದವೋ. ಜೂನ್‌ನಲ್ಲಿ 14 ಬಾಕ್ಸ್ ವಾಪಸ್ ಕಳಿಸಿದೆ. ಬೇರೆಯವರೂ ಕಳಿಸಿದರು. ಮುಂದಿನ ರಿಸಲ್ಟ್‌ನಲ್ಲಿ ಲಾಭ ಮಾಯ, ಷೇರು ಪಾತಾಳಕ್ಕೆ.

ಅದಕ್ಕೇ ಪಿಇ 18 ಅಗ್ಗ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲಾಭವೇ ಉದ್ರಿಯ ಮೇಲೆ ನಿಂತಿದ್ದರೆ ಪಿಇ ಏನು ಹೇಳೀತು? ಬ್ಯಾಲೆನ್ಸ್ ಶೀಟಿನಲ್ಲಿ ಟ್ರೇಡ್ ರಿಸೀವಬಲ್ಸ್ ಅನ್ನುವ ಸಾಲು ನೋಡಿ, ಮಾಲು ಕೊಟ್ಟು ಇನ್ನೂ ಬರಬೇಕಾದ ಬಾಕಿ ಅದು. ವರ್ಷದ ಮಾರಾಟ 100 ಕೋಟಿ, ಬಾಕಿ 40 ಕೋಟಿ ಅಂದರೆ 146 ದಿನದ ಉದ್ರಿ. ಹಿಂದಿನ ಎರಡು ಮೂರು ವರ್ಷಕ್ಕೆ ಹೋಲಿಸಿ. ಪಕ್ಕದಲ್ಲೇ ಕ್ಯಾಶ್ ಫ್ಲೋ (ನಿಜವಾಗಿ ಕೈಗೆ ಬಂದ, ಹೋದ ದುಡ್ಡಿನ ಲೆಕ್ಕ) ಇರುತ್ತದೆ, ಲಾಭ ಏರುತ್ತಾ ನಗದು ಇಳಿಯುತ್ತಿದ್ದರೆ ಬಿಟ್ಟುಬಿಡಿ. ಇವೆರಡೂ ಪ್ರತಿ ತ್ರೈಮಾಸಿಕಕ್ಕೆ ಬರಬೇಕೆಂದಿಲ್ಲ, ಸೆಪ್ಟೆಂಬರ್ ಮತ್ತು ಮಾರ್ಚ್ ರಿಸಲ್ಟ್ ಜೊತೆ ಸಿಗುತ್ತವೆ. ನನ್ನ ಕೈಯಲ್ಲಿದ್ದದ್ದೂ ಮಾರ್ಚ್ ರಿಸಲ್ಟೇ. ಲಾಭದ ಸಾಲು ಓದಿ ಪುಟ ತಿರುಗಿಸಲೇ ಇಲ್ಲ.

ಇನ್ನು ಬೇಡಿಕೆ. ಬಡಿಗೇರರು ನಮ್ಮ ಅಂಗಡಿಗೆ ಬಂದರೆ ಅಂಟು ಕೊಡಿ ಅನ್ನುವುದಿಲ್ಲ, ಫೆವಿಕಾಲ್ ಕೊಡ್ರಿ ಅನ್ನುತ್ತಾರೆ. ಫೆವಿಕಾಲ್ ಮಾಡುವ, 1959ರಲ್ಲಿ ಶುರುವಾದ ಪಿಡಿಲೈಟ್‌ ಕಂಪನಿಗೆ ಹಾಗೆ ಹೆಸರು ಹಿಡಿದು ಕೇಳುವ ಗಿರಾಕಿ ಇದ್ದಾನೆ. ನಿಮ್ಮ ಕಂಪನಿಯ ಡಬ್ಬಿಗೆ? ಜೂನ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ, ಮಾರ್ಚ್ ಮಾಲು ಇನ್ನೂ ಎಷ್ಟು ಉಳಿದಿದೆ ಅಂತ ಸುಮ್ನೆ ಕೇಳಿ ನೋಡಿ.